ಗುರುತಿನವರಿಲ್ಲದ ಆಸ್ಪತ್ರೆ

ಯೊಮ್ ಹಕ್‌ಸು ಅವರಿಗೆ ಕೂರಲು ಆಗುತ್ತಿರಲಿಲ್ಲ, ನಿಂತರೆ ನೆಮ್ಮದಿಯಿರಲಿಲ್ಲ. ಕೊರಿಯಾ ಬಿಟ್ಟು ಬಂದು ಫ್ಲಷಿಂಗ್‌ನಲ್ಲಿ ಹಾಕಿದ್ದ ತಮ್ಮ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯಿಂದ ಇಸ್ತ್ರಿ ಯಂತ್ರಕ್ಕೆ, ಇಸ್ತ್ರಿ ಯಂತ್ರದಿಂದ ಗಲ್ಲಾಪೆಟ್ಟಿಗೆಗೆ ಬೋನಿನ ಹುಲಿಯ ಹಾಗೆ ಸುತ್ತುತ್ತಿದ್ದರು. (ಹುಲಿಗಾದರೂ ಬೇಕೆಂದಾಗ ಕೂರುವ ಭಾಗ್ಯವಿರುತ್ತದೆ.)

ಹೇಳಿಕೊಳ್ಳುವಂಥ ಕಾಯಿಲೆಯಲ್ಲ. ಬೆಳಗಿನ ಹೊತ್ತು ರಕ್ತ ಹೋಗುತ್ತಿತ್ತು. ಹೆಂಡತಿ ಓಕ್‌ಬುನ್‌ಗೆ ಮಾತ್ರ ಹೇಳಿದ್ದರು, ಅದೂ ಬಚ್ಚಲ ಬಾಗಿಲ ಹಿಂದಿನಿಂದ.

"ಪಕ್ಕದ ಬೀದೀಲೇ ನಮ್ಮ ಕೊರಿಯಾದ ಡಾಕ್ಟರಿದ್ದಾರಲ್ಲ ರೀ. ನಮ್ಮ ಭಾಷೇಲೇ ಹೇಳಿಕೋಬಹುದು."

"ಅಲ್ಲಿ ಹೆಸರು ಬರೆಸಿಕೊಳ್ಳೋಳು ಚರ್ಚಲ್ಲಿ ನನ್ನ ಪಕ್ಕ ನಿಂತು ಹಾಡ್ತಾಳೆ."

"ಹಾಗಾದ್ರೆ ಸೂಜಿ ಚುಚ್ಚಿ ನೋವು ತೆಗೆಯೋ ವೈದ್ಯರು?"

"ಎಲ್ಲಿಗೆ ಚುಚ್ತಾರೆ ಅಂತ ಯೋಚನೆ ಮಾಡಿದೀಯಾ?"

ಓಕ್‌ಬುನ್ ಯೋಚನೆ ಮಾಡಿದರು. ಆ ಮಾತು ಅಲ್ಲಿಗೇ ಬಿಟ್ಟರು. "ಬಸ್ಸು ಹತ್ತಿದ್ರೆ ಇನ್ನೊಬ್ಬ ಡಾಕ್ಟರಿದ್ದಾರೆ."

"ಅವರ ನರ್ಸು ನಿನ್ನ ಚೀಟಿ ಗುಂಪಿನವಳು. ಸಂಜೆ ಒಳಗೆ ನನ್ನ ಸುದ್ದಿ ಕೊರಿಯಾ ಮುಟ್ಟಿರತ್ತೆ."

"ರಕ್ತ ಹೋಗ್ತಿದೆ ರೀ. ಮಾನ ದೊಡ್ಡದಾ, ಜೀವ ದೊಡ್ಡದಾ?"

ಹಕ್‌ಸು ಅವರ ಅಣ್ಣನಿಗೂ ಹೀಗೇ ಶುರುವಾಗಿತ್ತು, ಅಣ್ಣ ಉಳಿಯಲಿಲ್ಲ. ಅದು ಇಬ್ಬರಿಗೂ ನೆನಪಿತ್ತು.

ಕಡೆಗೆ ಹಕ್‌ಸು ಅವರಿಗೊಂದು ಮಹಾ ಉಪಾಯ ಹೊಳೆಯಿತು: ನದಿಯಾಚೆ ಮ್ಯಾನ್‌ಹಟನ್‌ನ ದೊಡ್ಡ ಆಸ್ಪತ್ರೆ. ಅಲ್ಲಿ ಗುರುತಿನ ನರಪಿಳ್ಳೆಯೂ ಇರುವುದಿಲ್ಲ.

"ಇಂಗ್ಲಿಷಲ್ಲಿ ಹೇಳಬೇಕಲ್ಲ?" ಅಂದರು ಓಕ್‌ಬುನ್.

"ಇಷ್ಟು ವರ್ಷ ಅಂಗಡಿ ನಡೆಸಿದ್ದು ಯಾವ ಭಾಷೇಲಿ ಕಣೇ?"

(ಆ ಇಂಗ್ಲಿಷಿನಲ್ಲಿ ಕಲೆ, ಗುಂಡಿ, ಮಂಗಳವಾರ ಬನ್ನಿ, ಇಷ್ಟನ್ನು ಮಾತ್ರ ನಿರರ್ಗಳವಾಗಿ ಹೇಳಬಹುದಿತ್ತು.)

ಆಸ್ಪತ್ರೆಯಲ್ಲಿ ಅವರು ಗಂಭೀರವಾಗಿ "ಬ್ಯಾಕ್, ಪೇನ್" ಅಂದರು. ಹಿಂದೆ ನೋವು ಅನ್ನುವುದು ಅವರ ಅರ್ಥ. ಡಾಕ್ಟರಮ್ಮ ಬೆನ್ನು ತಟ್ಟಿದಳು, ಬಗ್ಗಿಸಿದಳು, ಹಿಮ್ಮಡಿಯ ಮೇಲೆ ನಡೆಸಿದಳು. ಇನ್ನೂ ಕೆಳಗೆ ಎಂದು ಹಕ್‌ಸು ಕೈಸನ್ನೆ ಮಾಡಿದರು. ಆಕೆ ಮಂಡಿ ಮುಟ್ಟಿ ನೋಡಿದಳು. ಆಮೇಲೆ ಹೊರಗೆ ಹೋಗಿ, ಭಾಷಾಂತರ ಮಾಡುವವರನ್ನು ಕರೆದುಕೊಂಡು ಬಂದಳು.

ಒಳಗೆ ಬಂದವರು ಮೇಂಗ್ ಅಮ್ಮ. ಹಕ್‌ಸು ಹೋಗುವ ಚರ್ಚಿನಲ್ಲಿ ಭಾನುವಾರದ ಊಟದ ಉಸ್ತುವಾರಿ ಇವರದೇ. ಉಳಿದ ದಿನ ಎಲ್ಲಿ ದುಡಿಯುತ್ತಾರೆಂದು ಯಾರೂ ಕೇಳಿರಲಿಲ್ಲ.

"ಯೊಮ್ ಅವರೇ, ಇಲ್ಲಿ ಆಡಿದ ಮಾತು ಇಲ್ಲೇ ಇರತ್ತೆ. ಎಲ್ಲಿ ನೋವು ಹೇಳಿ."

ಹಕ್‌ಸು ಗೋಡೆಗೆ ಮುಖ ಮಾಡಿ ಹೇಳಿದರು. ಪರೀಕ್ಷೆಯ ಹೊತ್ತಿಗೆ ಮೇಂಗ್ ಅಮ್ಮ ಪರದೆಯಾಚೆ ನಿಂತುಕೊಂಡರು. ನಾಲ್ಕು ದಿನ ಕಳೆದು ಉಳಿದ ಪರೀಕ್ಷೆಗಳೆಲ್ಲ ಮುಗಿದ ಮೇಲೆ, ಡಾಕ್ಟರಮ್ಮ ಹೇಳಿದ್ದನ್ನು ಮೇಂಗ್ ಅಮ್ಮ ನಿಧಾನವಾಗಿ, ಎರಡು ಸಲ ಹೇಳಿದರು. "ಮೂಲವ್ಯಾಧಿ ಅಷ್ಟೇ. ಕ್ಯಾನ್ಸರ್ ಅಲ್ಲ. ಕೇಳಿಸ್ತಾ? ಕ್ಯಾನ್ಸರ್ ಅಲ್ಲ."

ಹಕ್‌ಸು ಕಣ್ಣೊರೆಸಿಕೊಂಡರು. ಆಸ್ಪತ್ರೆಯ ಮೆಟ್ಟಿಲಿಳಿಯುವಷ್ಟರಲ್ಲಿ ಹಳೆಯ ಚಿಂತೆ ಹೋಗಿ ಹೊಸದು ಹತ್ತಿತ್ತು: ಈ ಹೆಂಗಸು ಚರ್ಚಿನಲ್ಲಿ ಬಾಯಿಬಿಟ್ಟರೆ?

ಭಾನುವಾರ ಯಾರು ನಕ್ಕರೂ ತಮ್ಮನ್ನು ನೋಡಿಯೇ ಅನಿಸಿತು. ಪ್ರಾರ್ಥನೆ ಮುಗಿದು ಎಲ್ಲರೂ ಊಟದ ಮೇಜಿಗೆ ಬಂದರು. ಪಾದ್ರಿಗಳ ಹೆಂಡತಿ ಒಂದು ಮೆತ್ತೆ ತಂದು ಹಕ್‌ಸು ಅವರ ಕುರ್ಚಿಯ ಮೇಲಿಟ್ಟು, "ಇದರ ಮೇಲೆ ಕೂತ್ಕೊಳ್ಳಿ, ಹಾಯಾಗಿರತ್ತೆ" ಅಂದರು.

ಅಲ್ಲಿಗೆ ಹಕ್‌ಸು ಅವರ ತಾಳ್ಮೆ ಮುಗಿಯಿತು.

"ಮೇಂಗ್ ಅಮ್ಮ, ನನಗೆ ಮೂಲವ್ಯಾಧಿ ಅಂತ ಊರಿಗೆಲ್ಲ ಸಾರಿದ್ದಾಯ್ತಾ?"

ಊಟದ ಮನೆಯಲ್ಲಿದ್ದವರೆಲ್ಲ ಚಮಚ ಹಿಡಿದೇ ಇತ್ತ ತಿರುಗಿದರು.

ಪಾದ್ರಿಗಳ ಹೆಂಡತಿ ಮೆಲ್ಲಗೆ, "ಹೀಟರ್ ಕೆಟ್ಟಿದೆ, ಯೊಮ್ ಅವರೇ. ಕಬ್ಬಿಣದ ಕುರ್ಚಿ ತಣ್ಣಗಿದೆ ಅಂತ ವಯಸ್ಸಾದವರಿಗೆಲ್ಲ ಮೆತ್ತೆ ಕೊಡ್ತಾ ಇದೀನಿ" ಅಂದರು. ಅವರ ಕಂಕುಳಲ್ಲಿ ಇನ್ನೂ ಮೆತ್ತೆಗಳಿದ್ದವು.

ಓಕ್‌ಬುನ್ ಸೆರಗಿಲ್ಲದ ಊರಿನಲ್ಲಿ ಮುಖ ಮುಚ್ಚಿಕೊಳ್ಳಲು ಸ್ಕಾರ್ಫ್ ಹುಡುಕಿದರು.

ಮೇಂಗ್ ಅಮ್ಮ ಸಾರಿನ ಪಾತ್ರೆ ಕೆಳಗಿಟ್ಟು ಹತ್ತಿರ ಬಂದರು. "ನಾನು ಒಂದು ಮಾತು ಆಡಿದ್ರೂ ನನ್ನ ಕೆಲಸ ಹೋಗತ್ತೆ. ಅದಕ್ಕೇ ನಿಮ್ಮ ಮುಂದೆ ಖಾರ ಇಟ್ಟಿದ್ದು ನೋಡಿಯೂ ಸುಮ್ಮನಿದ್ದೆ. ಈಗ ನೀವೇ ಹೇಳಿದ್ರಲ್ಲ, ಒಳ್ಳೇದಾಯ್ತು. ಡಾಕ್ಟರು ಖಾರ ಮುಟ್ಟಬೇಡಿ ಅಂದಿದ್ರು."

ಹೀಗೆಂದು ಹಕ್‌ಸು ಮುಂದಿದ್ದ ಕೆಂಪು ಕಿಮ್ಚಿ ಉಪ್ಪಿನಕಾಯಿಯ ಬಟ್ಟಲನ್ನು ಎತ್ತಿಕೊಂಡರು.

ಎದುರಿಗೆ ಕೂತಿದ್ದ ಪಾದ್ರಿಗಳು ಅತ್ತಿತ್ತ ನೋಡಿ, ತಮ್ಮ ಕಿಮ್ಚಿ ಬಟ್ಟಲನ್ನೂ ಸದ್ದಿಲ್ಲದೆ ಆಕೆಯ ಕಡೆ ತಳ್ಳಿದರು.