ಹೆಂಡತಿಯ ಕಡಲ್ಗಳ್ಳ

ನನ್ನ ಸಂಸಾರ ಹಾಳು ಮಾಡಿದವನಿಗೆ ಇರುವುದು ಒಂದೇ ಕಣ್ಣು. ಕನ್ನಡಕದ ಅಂಗಡಿ ಇಟ್ಟುಕೊಂಡ ನನ್ನ ಲೆಕ್ಕದಲ್ಲಿ ಅವನು ಅರ್ಧ ಗಿರಾಕಿ. ಸಾಲದ್ದಕ್ಕೆ ಅವನು ಬದುಕಿದ್ದು ಮುನ್ನೂರು ವರ್ಷದ ಹಿಂದೆ, ಅದೂ ಕಾಗದದ ಮೇಲೆ. ಹಿಡಿದು ನಾಲ್ಕು ಬಾರಿಸೋಣವೆಂದರೂ ಕೈಗೆ ಸಿಗುವುದಿಲ್ಲ.

ನನ್ನ ಶ್ರೀಮತಿ ವಾರಪತ್ರಿಕೆಯೊಂದಕ್ಕೆ ಐತಿಹಾಸಿಕ ಪ್ರೇಮ ಧಾರಾವಾಹಿ ಬರೆಯುತ್ತಾಳೆ. ಮುತ್ತಿನ ವ್ಯಾಪಾರಿಯೊಬ್ಬನ ಹೆಂಡತಿಯನ್ನು ಒಕ್ಕಣ್ಣ ಕಡಲ್ಗಳ್ಳ ಹೊತ್ತೊಯ್ಯುತ್ತಾನೆ. ಮುಳುಗಿಹೋದ ನಿಧಿಯ ಗುಟ್ಟು ಅವಳಿಗೆ ಮಾತ್ರ ಗೊತ್ತು. ಇಬ್ಬರೂ ಸೇರಿ ನಿಧಿ ಹುಡುಕುತ್ತಾರೆ; ಹುಡುಕುತ್ತ ಹುಡುಕುತ್ತ ಪ್ರೀತಿ ಮೊದಲು ಸಿಕ್ಕಿಬಿಡುತ್ತದೆ. ವ್ಯಾಪಾರಿ ಸಣ್ಣ ದೋಣಿಯೊಂದರಲ್ಲಿ, ವಾಂತಿ ಮಾಡಿಕೊಳ್ಳುತ್ತ, ಹಿಂದಿನಿಂದ ಅಟ್ಟಿಸಿಕೊಂಡು ಬರುತ್ತಾನೆ.

ಆ ವ್ಯಾಪಾರಿಗೆ ಬೋಳುತಲೆ. ಗೊರಕೆ. ಊಟಕ್ಕೆ ಕೂತರೆ ಅವನ ಬಾಯಿಂದ ಬರುವುದು ‘ಉಪ್ಪು’ ಎಂಬ ಒಂದೇ ಮಾತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತೀರಿ. ನಾನು ಮುಟ್ಟಿ ನೋಡಿಕೊಂಡದ್ದು ತಲೆಯನ್ನು.

ನಮ್ಮಲ್ಲಿ ಓದುವ ಕನ್ನಡಕ ಕೊಟ್ಟಾಗ ಗಿರಾಕಿ ಏನಾದರೂ ಓದಿ ನೋಡುವುದು ವಾಡಿಕೆ. ಅದಕ್ಕೆಂದು ಮೇಜಿನ ಮೇಲೆ ಇರುವುದು, ನನ್ನ ಗ್ರಹಚಾರ, ಅದೇ ವಾರಪತ್ರಿಕೆ. (ಹೆಂಡತಿಯ ಹೆಸರು ನಾಲ್ಕು ಜನಕ್ಕೆ ತಿಳಿಯಲಿ ಎಂದು ನಾನೇ ಇಟ್ಟದ್ದು.) ಒಂದು ದಿನ ನಿವೃತ್ತ ಟೀಚರೊಬ್ಬರು ಹೊಸ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: “ಅವನು ಒಂದೊಂದು ಮುತ್ತನ್ನೂ ದೀಪಕ್ಕೆ ಹಿಡಿದು ನೋಡುತ್ತಿದ್ದ. ತನ್ನ ಮುಖವನ್ನು ಅವನು ಹಾಗೆ ನೋಡಿದ್ದು ಅವಳಿಗೆ ನೆನಪಿರಲಿಲ್ಲ.” ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಈಗ ಎಲ್ಲಾ ಸ್ಪಷ್ಟವಾಗಿ ಕಾಣ್ತಿದೆ,” ಎಂದರು.

ಮೈಯೆಲ್ಲ ಉರಿಯಿತು. ಮನೆಗೆ ಹೋದವನೇ ಕೇಳಿದೆ.

“ಲೇ, ಅವಳು ಕೊನೆಗೆ ಗಂಡನ ಹತ್ರ ವಾಪಸ್ ಬರ್ತಾಳೆ ತಾನೆ?”

“ಮೊದಲು ನಿಧಿ ಸಿಗ್ಲಿ ಇರ್ರೀ.”

“ಅವನು ಕಳ್ಳ ಕಣೇ!”

ಅಮ್ಮ ಮಧ್ಯೆ ಬಾಯಿ ಹಾಕಿದಳು. (ಹೆತ್ತ ತಾಯಿ, ನನ್ನ ಪಕ್ಷ ಎಂದುಕೊಂಡಿದ್ದೆ.) “ಕಳ್ಳ ಆದ್ರೇನೋ? ಅವಳು ಹಡಗಿಗೆ ಬಂದ ತಕ್ಷಣ ‘ಊಟ ಆಯ್ತಾ’ ಅಂತ ಕೇಳ್ದ. ನೀನು ಯಾವತ್ತಾದ್ರೂ ಕೇಳಿದ್ದೀಯೇನೋ?”

ಮರುದಿನದಿಂದ ಕೇಳತೊಡಗಿದೆ. ಹಲ್ಲುಜ್ಜುತ್ತಲೇ ಕೇಳಿದ್ದು ಕೊಂಚ ಅವಸರವಾಯಿತು. ಪಾತ್ರೆ ತೊಳೆದೆ. ಉಪ್ಪಿಲ್ಲದ ಅಡುಗೆಯನ್ನು ಅಮೃತ ಎಂದೆ. ಗೊರಕೆಗೆ ಹೆದರಿ ಕೂತೇ ನಿದ್ದೆ ಮಾಡಿದೆ. ಹೆಂಡತಿ ನನ್ನ ಹಣೆ ಮುಟ್ಟಿ, “ಮೈ ಹುಷಾರಿಲ್ವೇನ್ರೀ?” ಎಂದಳು. ಮುಂದಿನ ಸಂಚಿಕೆಯಲ್ಲಿ ವ್ಯಾಪಾರಿಗೆ ಜ್ವರ ಬಂದು ದೋಣಿ ಇನ್ನಷ್ಟು ಹಿಂದೆ ಬಿತ್ತು.

ನಗಬೇಡಿ. ನಿಮ್ಮ ಹೆಂಡತಿ ಪರಪುರುಷನ ಭುಜವನ್ನು ಎರಡು ಪುಟ ವರ್ಣಿಸಿದರೆ ನಿಮಗೂ ನೋಯುತ್ತದೆ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದವಳು ಕಥೆಯಲ್ಲೂ ನನ್ನನ್ನು ಬಿಟ್ಟು ಹೋಗುವುದು ನನಗೆ ಬೇಡವಾಗಿತ್ತು. ಕಾಗದದ ಮೇಲಾದರೂ ಅವಳು ನನ್ನನ್ನೇ ಆರಿಸಿಕೊಳ್ಳಬೇಕಿತ್ತು.

ಕೊನೆಯ ಕಂತನ್ನು ಅಂಗಡಿಯಲ್ಲೇ ನಿಂತು ಓದಿದೆ. ನಿಧಿ ಸಿಕ್ಕಿತು. ಕಡಲ್ಗಳ್ಳ ಕೈ ಚಾಚಿದ. ಅವಳು ಅವನನ್ನೂ ನಿಧಿಯನ್ನೂ ಬಿಟ್ಟು ಗಂಡನ ದೋಣಿ ಹತ್ತಿದಳು! ಗಿರಾಕಿಗಳ ಎದುರೇ ನನ್ನ ಕಣ್ಣು ತುಂಬಿ ಬಂತು. ಅಂಗಡಿ ಬಾಗಿಲು ಎಳೆದು ಮನೆಗೆ ಓಡಿದೆ. ಅಮ್ಮ ಪತ್ರಿಕೆಯನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತಿದ್ದಳು. ಆನಂದಬಾಷ್ಪ ಎಂದುಕೊಂಡೆ.

“ಕೊನೆಗೂ ನನ್ನ ಹತ್ರಾನೇ ಬಂದ್ಯಲ್ಲೇ!” ಎಂದು ಹೆಂಡತಿಯ ಕೈ ಹಿಡಿದೆ.

ಅವಳು ಕೈ ಬಿಡಿಸಿಕೊಂಡು ತರಕಾರಿ ಹೆಚ್ಚುವುದನ್ನು ಮುಂದುವರಿಸಿದಳು.

“ನಾನು ಅವಳನ್ನ ಅವನ ಜೊತೆನೇ ಕಳಿಸಿದ್ದೆ ಕಣ್ರೀ. ಸಂಪಾದಕರು ಒಪ್ಪಲಿಲ್ಲ. ಓದುಗರು ಬಿಕ್ಕಿ ಬಿಕ್ಕಿ ಅಳಬೇಕು, ದುರಂತದಲ್ಲಿ ಮುಗಿಸಿ ಅಂದ್ರು. ಎಷ್ಟು ಯೋಚನೆ ಮಾಡಿದ್ರೂ ಇದಕ್ಕಿಂತ ದೊಡ್ಡ ದುರಂತ ನನಗೆ ಹೊಳೀಲಿಲ್ಲ.”