ಕೂಸಿನ ತೂಕ, ಮೂರು ದಶಾಂಶದವರೆಗೆ

ಕಲಿಸಿದ್ದನ್ನು ತಾವೇ ಕಲಿಯದ ಮೇಷ್ಟ್ರು ಹೇಗಿರುತ್ತಾರೆಂದು ತಿಳಿಯಬೇಕಾದವರು ನನ್ನನ್ನು ನೋಡಿದರೆ ಸಾಕು. ನವಲಗುಂದದಲ್ಲಿ ನಾನು ಪಿಯುಸಿ ಹುಡುಗರಿಗೆ ಫಿಸಿಕ್ಸ್ ಹೇಳುತ್ತಿದ್ದ ಕಾಲ. ಯಾರದೋ ಅಣ್ಣನ ಕ್ಯಾಲ್ಕ್ಯುಲೇಟರ್ ತರಗತಿಯನ್ನೆಲ್ಲ ಸುತ್ತಿ, ಪ್ರತಿಯೊಂದು ಉತ್ತರಕ್ಕೂ ಎಂಟು ಅಂಕಿ ಹಚ್ಚಿ ಬರುತ್ತಿತ್ತು. "ಮರದ ಪಟ್ಟಿ ಹಿಡದು ಅಳದವರಿಗೆ ಇಷ್ಟ ಅಂಕಿ ಎಲ್ಲಿಂದ ಬಂದುವಲೇ? ಅಳತಿಗೆ ಗೊತ್ತಿದ್ದಷ್ಟ ಬರೀರಿ, ಉಳಿದದ್ದು ಸುಳ್ಳು!" ಎಂದು ಕೆಂಪು ಶಾಯಿ ಸುರಿಯುತ್ತಿದ್ದೆ. ಸಿಗ್ನಿಫಿಕಂಟ್ ಫಿಗರ್ಸ್, ಎಂದರೆ ಅಳತೆಯಲ್ಲಿ ನಂಬಬಹುದಾದಷ್ಟೇ ಅಂಕಿ, ಆ ವಿಷಯದಲ್ಲಿ ನಾನು ಬಲು ಕಟ್ಟುನಿಟ್ಟು ಎಂದು ಹೆಸರಾಗಿತ್ತು. ಆ ಹೆಸರು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಹೆಂಡತಿ ಶಾಂತಾ ಚೊಚ್ಚಲ ಬಾಣಂತನಕ್ಕೆ ಗುಡಗೇರಿಯ ತವರಿನಲ್ಲಿದ್ದಳು. ಭಾನುವಾರ ಬಂತೆಂದರೆ ನಾನು ಅಲ್ಲಿ ಹಾಜರು. ಕೂಸಿನ ಮೇಲಿನ ಪ್ರೀತಿ ನಿಜ. ಅತ್ತೆಯ ಕೈ ಊಟದ ಮೇಲಿನದೂ ಸುಳ್ಳಲ್ಲ. ಪಕ್ಕದಲ್ಲೇ ಕಾಳಿನ ಅಂಗಡಿ, ಅಲ್ಲಿ ಜೋಳದ ಚೀಲ ತೂಗುವ ಕಾಟಾ. ಕೂಸನ್ನೆತ್ತಿಕೊಂಡು ಅದರ ಮೇಲೆ ನಿಲ್ಲುವುದು, ಆಮೇಲೆ ಒಬ್ಬನೇ ನಿಲ್ಲುವುದು, ಅದರಲ್ಲಿ ಇದನ್ನು ಕಳೆದರೆ ಕೂಸಿನ ತೂಕ! "ಎಳೀ ಕೂಸಿನ್ನ ತೂಗಬಾರದ್ರಿ ಅಳಿಯಾರ, ದೃಷ್ಟಿ ಆಗತೈತಿ," ಎಂದರು ಅತ್ತೆ. ನಾನು ನಕ್ಕೆ. ಕಾಟಾಕ್ಕಿದ್ದದ್ದು ಅರ್ಧ ಕಿಲೊಕ್ಕೊಂದು ಗೆರೆ. ನಡುವಿನ ಗ್ರಾಮುಗಳನ್ನೆಲ್ಲ ಕಣ್ಣಂದಾಜಿನಲ್ಲೇ ಹುಟ್ಟಿಸಿ, ಕೂಸಿನ ತೂಕವನ್ನು ಮೂರು ದಶಾಂಶದವರೆಗೆ ಬರೆದಿಟ್ಟೆ.

ಮುಂದಿನ ಭಾನುವಾರ ಕೂಸಿನೊಡನೆ ನಿಂತದ್ದಾಯಿತು. ಅಷ್ಟರಲ್ಲಿ ಅದು ಚೀರತೊಡಗಿತು. ಮನೆಯಿಂದ "ಹೋಳಿಗಿ ಆರಾಕತ್ತಾವ್ರಿ, ಬರ್ರಿ" ಎಂಬ ಕರೆಯೂ ಬಂತು. ಕೂಸನ್ನು ಶಾಂತಾಳ ಮಡಿಲಿಗೆ ಹಾಕಿ ಊಟಕ್ಕೆ ಕುಳಿತೆ. ಹೋಳಿಗೆ, ಮೇಲೆ ತುಪ್ಪ, ಕಟ್ಟಿನ ಸಾರು, ಕೊನೆಗೆ ತಂಬಿಗೆ ತುಂಬ ಮಜ್ಜಿಗೆ. ತೇಗುತ್ತ ಹೋಗಿ ಒಬ್ಬನೇ ನಿಂತು, ಕಳೆದು ನೋಡುತ್ತೇನೆ: ವಾರದಲ್ಲಿ ಕೂಸು ನಾಲ್ಕುನೂರಾ ಮೂವತ್ತೇಳು ಗ್ರಾಂ ಇಳಿದಿದೆ! "ಬಾಣಂತಿಗೆ ಏನ್ ಉಣ್ಣಾಕ ಹಾಕ್ತೀರಿ ಅತ್ತಿ? ಹಾಲು ಸಾಲವಲ್ದು, ಕೂಸು ಸೊರಗಾಕತ್ತೈತಿ," ಎಂದುಬಿಟ್ಟೆ, ಓಣಿಯ ಹೆಂಗಸರ ಎದುರಿಗೇ. ಅತ್ತೆ ಸೆರಗು ಬಾಯಿಗೆ ಹಿಡಿದು ಒಳಗೆ ಹೋದರು. ಹೊರಡುವಾಗ ಶಾಂತಾ ಮುಖ ತೋರಿಸಲಿಲ್ಲ.

ಆ ವಾರವೇ ತರಗತಿಯಲ್ಲಿ, ದೊಡ್ಡ ಅಳತೆಯಿಂದ ದೊಡ್ಡ ಅಳತೆ ಕಳೆದು ಬಂದ ಸಣ್ಣ ಉತ್ತರವನ್ನು ಸುಲಭಕ್ಕೆ ನಂಬಬಾರದೆಂದು ಹೇಳುತ್ತಿದ್ದೆ. "ಎರಡ ಅಳತಿ ನಡುವ ಏನೂ ಬದಲಾಗಿರಬಾರದು..." ಎನ್ನುತ್ತಿದ್ದಂತೆ ಹೋಳಿಗೆ ನೆನಪಾಯಿತು. ಕೂಸು ಇಳಿದಿರಲಿಲ್ಲ, ನಾನು ಏರಿದ್ದೆ. ಅತ್ತೆ ಬಡಿಸಿದ್ದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು, ಅದೇ ತೂಕವನ್ನು ಅವರ ಮೇಲೆ ತಪ್ಪಾಗಿ ಹೊರಿಸಿದ್ದೆ. ನಾಚಿಕೆಯಾಗಿ, ಹುಡುಗರಿಗೆ ಬೆನ್ನು ಮಾಡಿ, ಆಗಲೇ ಒರೆಸಿದ್ದ ಬೋರ್ಡನ್ನು ಮತ್ತೆ ಒರೆಸಿದೆ.

ಭಾನುವಾರ ಗುಡಗೇರಿಗೆ ಹೋಗಿ, ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದೆ. "ಕೂಸು ಚೊಲೊ ಐತಲ್ರಿ? ಅಷ್ಟ ಸಾಕು," ಎಂದು ಅತ್ತೆ ಕಣ್ಣೊರೆಸಿಕೊಂಡರು. ಶಾಂತಾ ಮಾತ್ರ ಬಿಡಲಿಲ್ಲ. "ಕೂಸಿನ ತೂಕ ಏರ್ಲಿ ಅಂತ ಅವ್ವ ಅವತ್ತಿಂದ ಒಪ್ಪತ್ತು ಹಿಡದಾಳ್ರಿ. ದಿನಕ್ಕ ಒಂದ ಊಟ." ಅತ್ತೆಯ ಮುಖ ನೋಡಿದೆ, ಬಾಡಿತ್ತು. ಆ ಮನೆಯಲ್ಲಿ ನಿಜವಾಗಿ ಇಳಿದವರು ಅವರೊಬ್ಬರೇ. ತಿಳಿಯಲು ಕಾಟಾ ಬೇಕಿರಲಿಲ್ಲ.

"ನೀವು ಮೊದಲ ಉಣ್ರಿ ಅತ್ತಿ," ಎಂದೆ. ಅವರು ನನ್ನ ಮುಂದೆಯೇ ತಾಟು ಇಟ್ಟರು. "ಇವತ್ತೂ ತೂಗೋದೈತೇನ್ರಿ? ಇದ್ರ ಈಗ ತೂಗಿ ಬರ್ರಿ, ಆಮ್ಯಾಲೆ ಉಣ್ರಿ," ಎಂದು ಸಹಜವಾಗಿಯೇ ಕೇಳಿ, ಎರಡು ಹೋಳಿಗೆ ಹೆಚ್ಚಿಗೆ ಬಡಿಸಿದರು. ಬೇಡ ಎನ್ನಲು ನನಗೆ ಮುಖವಿರಲಿಲ್ಲ, ತಿನ್ನಲೂ ಮುಖವಿರಲಿಲ್ಲ. ಆದರೂ ತಿಂದೆ.