ಬಸ್ ನಿಲ್ದಾಣದಲ್ಲಿ ಮಹಾರಾಣಿ

ಯುದ್ಧಕ್ಕೆ ಹೋದ ರಾಜನಿಗಾಗಿ ರಾಣಿ ಕೋಟೆಯ ಮೇಲೆ ದೀಪ ಹಿಡಿದು ಕಾಯುವ ಹಳೆಗನ್ನಡ ಕಾವ್ಯವೊಂದನ್ನು ಈಗಿನವರಿಗೆ ತಲುಪಿಸಬೇಕೆಂಬ ಘನ ಸಂಕಲ್ಪ ನನಗೆ ಬಂದದ್ದೇ ತಪ್ಪು. ಕೊಪ್ಪದ ನಮ್ಮ ಹವ್ಯಾಸಿ ತಂಡಕ್ಕಾಗಿ ರಾಜನನ್ನು ಗುಮಾಸ್ತನನ್ನಾಗಿ (ನಾನೂ ಗುಮಾಸ್ತನೇ), ರಣರಂಗವನ್ನು ಚಿಕ್ಕಮಗಳೂರಿನ ಮೀಟಿಂಗನ್ನಾಗಿ, ಕೋಟೆಯನ್ನು ಬಸ್ ನಿಲ್ದಾಣವನ್ನಾಗಿ ಬದಲಿಸಿ ನಾಟಕ ಬರೆದೆ. ರಾಜನ ಪಾತ್ರವನ್ನೂ ನಾನೇ ವಹಿಸಿದೆ. (ಬೇರೆ ಯಾರೂ ಒಪ್ಪಲಿಲ್ಲ.)

ರಾಣಿಯ ಮಾತು ಮಾತ್ರ ಹೊಳೆಯಲೊಲ್ಲದು. ಒಂದು ದಿನ ನಾನೇ ಮೀಟಿಂಗಿಗೆಂದು ಬಸ್ ಹತ್ತಿದಾಗ ಹೆಂಡತಿ ಅಂಬುಜಾಕ್ಷಿಯ ಫೋನ್ ಬಂತು. "ಕಿಟಕಿ ಪಕ್ಕ ಕೂರ್ಬೇಡಿ, ಕಿವಿಗೆ ಗಾಳಿ ಹೋಗ್ತದೆ. ಮೀಟಿಂಗಲ್ಲಿ ನಿದ್ದೆ ಬಂದ್ರೆ ಕೆನ್ನೆಗೆ ಕೈ ಕೊಡಿ, ಗೊರಕೆ ಬರಲ್ಲ." ಒಂದಕ್ಷರ ಬಿಡದೆ ನಾಟಕಕ್ಕೆ ಸೇರಿಸಿದೆ.

ಕೊಪ್ಪದ ಪ್ರದರ್ಶನದಲ್ಲಿ ರಾಣಿಯಾಗಿದ್ದ ಮಹಿಮಾ ಆ ಮಾತುಗಳನ್ನು ಮೂಗಿನಲ್ಲಿ ಎಳೆದೆಳೆದು ಹೇಳಿದಳು. ಜನ ಬಿದ್ದು ಬಿದ್ದು ನಕ್ಕರು. ಮುಂದಿನ ಸಾಲಿನಲ್ಲಿ ನಮ್ಮ ಪಕ್ಕದ ಮನೆಯ ಹಲೀಮಾ, "ಅಂಬುಜಕ್ಕ, ಇದು ನೀವೇ ಅಲ್ವಾ?" ಎಂದದ್ದು ವೇದಿಕೆಗೂ ಕೇಳಿಸಿತು. ನನ್ನವಳು ತಲೆ ತಗ್ಗಿಸಿದಳು.

ಜಗಳಕ್ಕೆ ಸಿದ್ಧನಾಗಿಯೇ ಮನೆಗೆ ಹೋದೆ. ಅವಳು ಅನ್ನ ಬಡಿಸಿ, "ನಾನ್ ಮಾತಾಡೋದು ಅಷ್ಟು ನಗೆ ಬರೋ ಹಂಗಿರ್ತದಾ?" ಎಂದಳು. ಅಷ್ಟೇ. ಬಾಳೆಲೆಯಲ್ಲೇ ಮುಖ ಮುಚ್ಚಿಕೊಳ್ಳುವಷ್ಟು ನಾಚಿಕೆಯಾಯಿತು. ಹಳೆಗನ್ನಡ ಬಲ್ಲ ನನ್ನ ಬಾಯಿಗೆ ಕ್ಷಮೆ ಕೇಳಲು ಹೊಸಗನ್ನಡದ ಒಂದು ಪದವೂ ಬರಲಿಲ್ಲ. "ಸಾರು ಚೆನ್ನಾಗಿದೆ" ಎಂದೆ.

ನರಸಿಂಹರಾಜಪುರದ ಪ್ರದರ್ಶನದ ದಿನ ಮಹಿಮಾಗೆ ಗಂಟಲು ಕಟ್ಟಿತು. ನಿರ್ದೇಶಕ ಮಹೇಶ್ವರ ನೇರವಾಗಿ ಅಂಬುಜಾಕ್ಷಿಯ ಬಳಿ ಹೋದ. "ನಿಮಗೆ ಮಾತೆಲ್ಲ ಬಾಯಿಗೇ ಬರ್ತದಲ್ಲ ಅಕ್ಕ." ಅವಳು ಒಪ್ಪಿಬಿಟ್ಟಳು.

ಅದೇ ಮಾತುಗಳನ್ನು ಅವಳು ಮನೆಯಲ್ಲಿ ಹೇಳುವ ಹಾಗೆಯೇ ಹೇಳಿದಳು. ಯಾರೂ ನಗಲಿಲ್ಲ. ಕೆಮ್ಮುವವರೂ ಕೆಮ್ಮು ತಡೆದರು. ನಾನು ಬಸ್ಸಿಳಿದು ಬಂದಾಗ ಅವಳು ನಾಟಕದಲ್ಲಿ ಇಲ್ಲದ ಮಾತು ತೆಗೆದಳು.

"ಮನೆ ಮಾತನ್ನ ಊರಿಗೆಲ್ಲ ಹೇಳಿ ನಗ್ಸಿದ್ರಿ. ಈಗ ನಂಗೆ ಏನ್ ಹೇಳ್ತೀರಿ?"

ಪರದೆಯ ಸಂದಿಯಿಂದ ಮಾತು ನೆನಪಿಸಿಕೊಡಬೇಕಾದ ವಿಘ್ನೇಶನತ್ತ ನೋಡಿದೆ. ಅವನು ಗಾಬರಿಯಿಂದ ಹಾಳೆ ತಿರುವುತ್ತಲೇ ಇದ್ದ.

"ತಪ್ಪಾಯ್ತು ಅಂಬುಜಾ," ಎಂದೆ. ಕಣ್ಣಲ್ಲಿ ನೀರು ಬಂತು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

"ಮಾರಾಯ, ಇಡೀ ನಾಟಕದಲ್ಲಿ ನೀನು ನಟಿಸಿದ್ದು ಅದೊಂದೇ ಕಡೆ," ಎಂದ ಮಹೇಶ್ವರ. "ಇನ್ನು ಎಲ್ಲ ಕಡೆ ಅದು ಇರ್ಲಿ."

ಇದ್ದೇ ಇದೆ. ನಿನ್ನೆ ಶೃಂಗೇರಿಯಲ್ಲಿ ಮುನ್ನೂರು ಜನರೆದುರು ಮತ್ತೆ ತಪ್ಪೊಪ್ಪಿಕೊಂಡೆ. ಮಹಾರಾಣಿಯವರಿಗೆ ಸಾಲಲಿಲ್ಲ.

"ಹಿಂದಿನ ಸಾಲಿನವ್ರಿಗೆ ಕೇಳಿಸ್ಲಿಲ್ಲ," ಎಂದಳು. "ಇನ್ನೊಂದ್ಸಲ ಹೇಳಿ."